ಚಿಕ್ಕಮಗಳೂರಲ್ಲಿ ಜರ್ಮನ್ ಯುದ್ಧನೌಕೆ ಪ್ರಿಂಟ್ ಹಾಕಿಸಿದ ಕಥೆ: ಫ್ರೇಮಿಗೆ ಫುಲ್ ಮಾರ್ಕ್ಸ್, ಚಿತ್ರ ಮಾತ್ರ ನೀವೇ ನೋಡ್ಕೊಳ್ಳಿ

ಅರ್ಜೆಂಟಲ್ಲಿ ಓದೋರಿಗೆ ಮೊದಲೇ ಹೇಳ್ಬಿಡ್ತೀನಿ. ಫ್ರೇಮ್ ಕೆಲಸಕ್ಕೆ ಐದಕ್ಕೆ ಐದು, ಪ್ರಿಂಟ್ ಕ್ವಾಲಿಟಿಗೆ ನಾಲ್ಕು, ಅಂಗಡಿಯೋರ ಹತ್ರ ಇರೋ ಚಿತ್ರಗಳ ಕಲೆಕ್ಷನ್ನಿಗೆ ಎರಡು, ಅದೂ ಮದ್ರಾಸಿನ ಮೇಲೆ ಗುಂಡು ಹಾರಿಸಿದ್ದ ಜರ್ಮನ್ ಹಡಗು ಎಮ್ಡೆನ್ ಚಿತ್ರ ಇತ್ತು ಅನ್ನೋ ಕಾರಣಕ್ಕೆ. ಅಂಗಡಿ ಐ.ಜಿ. ರೋಡಿಂದ ಒಳಗಡೆ ತಿರುಗೋ ಒಂದು ಅಡ್ಡರಸ್ತೇಲಿದೆ. ಹೆಸರು ಹಾಕ್ತಿಲ್ಲ, ಓನರ್ರೇ ಬೇಡ ಅಂದ್ರು. "ಈಗ್ಲೇ ಹೋಮ್‌ಸ್ಟೇ ಆರ್ಡರ್ ಮುಗಿಸಕ್ಕಾಗ್ತಿಲ್ಲ ಸಾರ್, ನೀವು ಬರ್ದು ಹಾಕಿದ್ರೆ ಬೆಂಗ್ಳೂರಿಂದ ಫೋನ್ ಶುರುವಾಗುತ್ತೆ" ಅಂತ. ಊರೋರಿಗೆ ಗೊತ್ತಾಗುತ್ತೆ ಬಿಡಿ, ಬಾಗಿಲ ಹತ್ರ ವೆಂಕಟರಮಣ, ಸಾಯಿಬಾಬಾ, ಯಾರದೋ ಅರವತ್ತರ ಶಾಂತಿ ಫೋಟೋ ಎಲ್ಲ ಒಂದಕ್ಕೊಂದು ಒರಗಿಸಿಟ್ಟಿರ್ತಾರೆ, ದಾಟ್ಕೊಂಡು ಒಳಗೆ ಹೋಗ್ಬೇಕು.

ಯಾಕೆ ಜರ್ಮನ್ ಹಡಗು ಅಂತ ಎಲ್ರೂ ಕೇಳ್ತಾರೆ. ಆಲ್ದೂರು ಕಡೆ ತೋಟದ ಮನೆ ಮೇಲಂತಸ್ತನ್ನ ನಮ್ಮಣ್ಣ ಹೋಮ್‌ಸ್ಟೇಗೆ ರೆಡಿ ಮಾಡ್ಸಿದ, ಗೋಡೆಗೆ ಏನಾದ್ರೂ ಹಾಕ್ಬೇಕಲ್ಲ, ಇಲ್ಲಿ ಎಲ್ಲ ಹೋಮ್‌ಸ್ಟೇಗೂ ಅದೇ ಮುಳ್ಳಯ್ಯನಗಿರಿ ಸೂರ್ಯೋದಯ, ಅದೇ ಕೆಂಪಗಿರೋ ಕಾಫಿ ಹಣ್ಣು ಹಿಡ್ಕೊಂಡಿರೋ ಎರಡು ಕೈ, ಅದೇ ಕಪ್ಪು ಬಿಳುಪು ಹುಲಿ. ಪುಸ್ತಕದ ಶೆಲ್ಫ್ ಇರೋ ಹಾಲ್ ಒಂದನ್ನ ನನಗೆ ಬಿಟ್ಟ, ನಿಂಗಿಷ್ಟ ಬಂದಿದ್ದು ಹಾಕ್ಕೋ ಅಂತ. ನಂಗೆ ಹೈಸ್ಕೂಲಿಂದ ಇರೋ ಹುಚ್ಚು ಹಡಗು. ಅದ್ರಲ್ಲೂ ಎರಡೂ ಮಹಾಯುದ್ಧದ ಜರ್ಮನ್ ಹಡಗು, ಸಬ್‌ಮರೀನ್. ಜರ್ಮನ್ನರ ಮೇಲೆ ಪ್ರೀತಿ ಅಂತಲ್ಲ, ಪ್ರತಿಯೊಂದು ಹಡಗಿಗೂ ಒಂದು ಕಥೆ, ಮತ್ತೆ ಹೆಚ್ಚಿನವು ಮುಳುಗೋದ್ರಲ್ಲೇ ಮುಗಿಯೋ ಕಥೆ, ಹಾಗಾಗಿ ಪೇಂಟ್ ಮಾಡೋರಿಗೂ ಅವೇ ಬೇಕು. ಬ್ರಿಟಿಷ್ ಮರೈನ್ ಪೇಂಟರುಗಳು ಸಹ ತಮ್ಮ ಹಡಗಿಗಿಂತ ಎರಡನೇ ಯುದ್ಧದ ಜರ್ಮನ್ ಯುದ್ಧನೌಕೆ ಬಿಸ್ಮಾರ್ಕನ್ನೇ ಜಾಸ್ತಿ ಬರೆದಿದಾರೇನೋ ಅನ್ಸುತ್ತೆ ಕೆಲವು ಸಲ.

ಅಂಗಡಿಯಣ್ಣನ ಕಂಪ್ಯೂಟರಲ್ಲಿ ಒಂದು ಫೋಲ್ಡರ್ ಇದೆ. ದೇವರು, ಸೀನರಿ, ಕುದುರೆ, ಬುದ್ಧ, ಆಮೇಲೆ 'ಶಿಪ್'. ಅದ್ರೊಳಗೆ ಎಲ್ಲೆಲ್ಲಿಂದಲೋ ಇಳಿಸಿಕೊಂಡಿರೋ ಫೈಲುಗಳು, ಅರ್ಧಕ್ಕೆ ಹೆಸರೇ ಇಲ್ಲ, ಹೆಸರಿರೋದ್ರಲ್ಲಿ ಅರ್ಧ ತಪ್ಪು. ಬಿಸ್ಮಾರ್ಕ್ ಅಂತ ಇದ್ದ ಒಂದು ಚಿತ್ರದಲ್ಲಿ ಒಂದೊಂದು ಟರೆಟ್ಟಿಗೂ (ತೋಪು ಕೂರಿಸಿರೋ, ತಿರುಗೋ ಗೋಪುರ) ಮೂರು ಮೂರು ಬ್ಯಾರಲ್. ಬಿಸ್ಮಾರ್ಕಿಗೆ ನಾಲ್ಕು ಟರೆಟ್, ಒಂದೊಂದ್ರಲ್ಲಿ ಎರಡು, ಒಟ್ಟು ಎಂಟು 38 ಸೆಂಟಿಮೀಟರ್ ತೋಪು. ಮೂರು ಬ್ಯಾರಲ್ಲಿನ ಟರೆಟ್ ಮುಂದೆ ಎರಡು, ಹಿಂದೆ ಒಂದು ಇದ್ರೆ ಅದು ಶಾರ್ನ್‌ಹಾರ್ಸ್ಟ್ ಅಥ್ವಾ ಅದರ ಜೋಡಿ ಗ್ನೈಸೆನೌ. ಮುಂದೊಂದು ಹಿಂದೊಂದು ಅಷ್ಟೇ ಇದ್ರೆ ಗ್ರಾಫ್ ಸ್ಪೇ ತರದ್ದು. ಇಷ್ಟು ಎಣಿಸಕ್ಕೆ ಬಂದ್ರೆ ಸಾಕು, ಅರ್ಧ ಮೋಸ ಅಲ್ಲೇ ಗೊತ್ತಾಗುತ್ತೆ. ಈಗ ಇನ್ನೊಂದು ಕಾಟ ಎಐ ಚಿತ್ರಗಳದ್ದು, ದೂರದಿಂದ ಭಾರಿ ಚೆನ್ನಾಗಿರುತ್ತೆ, ಹತ್ರ ಹೋಗಿ ನೋಡಿದ್ರೆ ಐದು ಟರೆಟ್ಟು, ಒಂದು ಬ್ಯಾರಲ್ ಹಡಗಿನ ಬ್ರಿಡ್ಜ್ ಕಡೆಗೇ ಗುರಿ ಇಟ್ಟಿರುತ್ತೆ. ಅಂಥವನ್ನೇ ಜನ ಜಾಸ್ತಿ ತಗೊಂಡು ಹೋಗ್ತಾರಂತೆ, "ಕಲರ್ ಎದ್ದು ಕಾಣುತ್ತೆ ಸಾರ್" ಅಂತಾರೆ ಅವರು.

ನಂದು ಒಂದೇ ಲೆಕ್ಕ. ಯುದ್ಧನೌಕೆ ಚಿತ್ರ ನೋಡಿದ್ರೆ ಅದು ಯಾವ ದಿನದ್ದು ಅಂತ ಹೇಳಕ್ಕಾಗ್ಬೇಕು. ಬರೀ ಹಡಗು, ಬರೀ ಅಲೆ, ಬರೀ ಬೆಂಕಿ ಇದ್ರೆ ಅದು ವಾಲ್‌ಪೇಪರ್. ಹಡಗಿನ ಮೈಮೇಲಿನ ಬಣ್ಣ, ಚಿಮಣಿ, ಆಕಾಶ, ಸಬ್‌ಮರೀನ್ ಆದ್ರೆ ಟವರ್ ಮೇಲಿನ ಗುರುತು, ಇವೆಲ್ಲ ಸೇರಿ ಒಂದು ತಾರೀಕು ಹೇಳುತ್ವೆ, ಹೇಳದೇ ಇದ್ರೆ ಬರೆದೋನು ಫೋಟೋ ನೋಡಿ ಕಾಪಿ ಹೊಡೆದಿದಾನೆ ಅಂತ ಅರ್ಥ.

ಬಿಸ್ಮಾರ್ಕನ್ನೇ ತಗೊಳ್ಳಿ. 1941ರ ವಸಂತದಲ್ಲಿ ಬಾಲ್ಟಿಕ್ ಸಮುದ್ರದಲ್ಲಿದ್ದಾಗ ಅದರ ಮೈಮೇಲೆ ಕಪ್ಪು ಬಿಳುಪು ಓರೆ ಪಟ್ಟೆ ಬಳಿದಿದ್ರು, ಮುಂಭಾಗದಲ್ಲಿ ಸುಳ್ಳು ನೊರೆ ಬೇರೆ ಬಿಡಿಸಿದ್ರು. ನೋಡಕ್ಕೆ ಭಯಂಕರ ಚೆಂದ, ಅದಕ್ಕೇ ಪೇಂಟರುಗಳಿಗೆ ಅದೇ ಬೇಕು. ಆದ್ರೆ ಮೇ 21ಕ್ಕೆ ನಾರ್ವೆಯ ಬರ್ಗೆನ್ ಹತ್ರದ ಫಿಯೋರ್ಡಲ್ಲಿ ನಿಂತಾಗ ಆ ಪಟ್ಟೆ ಮೇಲೆ ಬೂದು ಬಣ್ಣ ಹೊಡೆದ್ಬಿಟ್ರು. ಬ್ರಿಟಿಷರ ಹುಡ್ ಹಡಗನ್ನ ಅದು ಉಡಾಯಿಸಿದ್ದು ಮೇ 24ರ ಬೆಳಗ್ಗೆ, ಗ್ರೀನ್‌ಲ್ಯಾಂಡ್ ಐಸ್‌ಲ್ಯಾಂಡ್ ನಡುವಿನ ಡೆನ್ಮಾರ್ಕ್ ಜಲಸಂಧೀಲಿ. ಅಂದ್ರೆ ಪಟ್ಟೆ ಇರೋ ಬಿಸ್ಮಾರ್ಕ್ ಹುಡ್ ಮೇಲೆ ಗುಂಡು ಹಾರಿಸ್ತಿರೋ ಚಿತ್ರ ಕಂಡ್ರೆ ಕಣ್ಣು ಮುಚ್ಕೊಂಡು ಬಿಟ್ಬಿಡಿ. ಇನ್ನೊಂದು ವಿಷ್ಯ, ಆವತ್ತು ಮುಂದೆ ಹೋಗ್ತಿದ್ದಿದ್ದು ಬಿಸ್ಮಾರ್ಕ್ ಅಲ್ಲ, ಕ್ರೂಸರ್ ಪ್ರಿನ್ಜ್ ಯೂಜೆನ್. ಹಿಂದಿನ ದಿನ ಬಿಸ್ಮಾರ್ಕಿನ ತೋಪುಗಳೇ ಹಾರಿಸಿದ ಅದುರಿಗೆ ಅದರ ಮುಂದಿನ ರೇಡಾರ್ ಕೆಟ್ಟೋಗಿತ್ತು, ಅದಕ್ಕೆ ಯೂಜೆನ್ ಮುಂದೆ ಬಂತು. ಎರಡರ ಆಕಾರ ದೂರದಿಂದ ಒಂದೇ ತರ, ಹುಡ್ಡಿನೋರು ಮೊದಲು ಗುಂಡು ಹಾರಿಸಿದ್ದೂ ಯೂಜೆನ್ ಮೇಲೇ. ಹುಡ್ಡಲ್ಲಿದ್ದ 1,418 ಜನರಲ್ಲಿ ಬದುಕಿದ್ದು ಮೂರೇ ಜನ. ಮೂರು ದಿನ ಆದ್ಮೇಲೆ, ಮೇ 27ಕ್ಕೆ, ಬಿಸ್ಮಾರ್ಕೂ ಹೋಯ್ತು, ಎರಡು ಸಾವಿರದ ಮೇಲೆ ಜನ ಅದ್ರಲ್ಲಿ. ಅದಕ್ಕಿಂತ ಹಿಂದಿನ ಸಂಜೆ ಬ್ರಿಟಿಷ್ ವಿಮಾನವಾಹಕ ಹಡಗು ಆರ್ಕ್ ರಾಯಲ್ಲಿಂದ ಹಾರಿದ ಸ್ವಾರ್ಡ್‌ಫಿಶ್ ಅನ್ನೋ ಎರಡು ರೆಕ್ಕೆಯ ಹಳೇ ಕಾಲದ ವಿಮಾನಗಳು ಟಾರ್ಪೆಡೋ ಹಾಕಿ ಅದರ ಚುಕ್ಕಾಣಿ ಕೆಡಿಸಿದ್ವು. ನನ್ನ ಮಟ್ಟಿಗೆ ಬಿಸ್ಮಾರ್ಕ್ ಚಿತ್ರ ಅಂದ್ರೆ ಅದು, ಬೂದು ಮೋಡ, ಕೆಟ್ಟ ಗಾಳಿ, ಬಟ್ಟೆ ಸುತ್ತಿದ ವಿಮಾನ ನೀರಿಗೆ ತಾಗೋ ಅಷ್ಟು ಕೆಳಗೆ. ಅಂಗಡೀಲಿ ಅದಿರ್ಲಿಲ್ಲ. ಪಟ್ಟೇದೇ ಮೂರ್ನಾಲ್ಕು ತರದ್ದಿತ್ತು.

ಈಗ ಪ್ರಿಂಟಿನ ವಿಷ್ಯಕ್ಕೆ ಬರೋಣ, ಯಾಕಂದ್ರೆ ಇಲ್ಲೇ ಈ ಅಂಗಡಿ ಬೇರೆಯವರಿಗಿಂತ ಮೇಲು. ಯುದ್ಧನೌಕೆ ಪ್ರಿಂಟ್ ಮಾಡೋದು ಹೂವಿನ ಚಿತ್ರ ಮಾಡಿದಷ್ಟು ಸುಲಭ ಅಲ್ಲ, ಎಲ್ಲಾ ಬೂದು. ಜರ್ಮನ್ ಹಡಗಲ್ಲಿ ಮೇಲ್ಭಾಗ ತಿಳಿ ಬೂದು, ಕೆಳಗಿನ ಮೈ ಕಡು ಬೂದು, ಹಿಂದೆ ಸಮುದ್ರ ಬೂದು, ಮೇಲೆ ಮೋಡ ಬೂದು. ಸಾಮಾನ್ಯ ನಾಲ್ಕು ಬಣ್ಣದ ಪ್ರಿಂಟರಲ್ಲಿ ಬೂದು ಬರೋದು ಬೇರೆ ಬಣ್ಣ ಮಿಕ್ಸ್ ಆಗಿ, ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಹಸಿರು ಹೊಡೆಯುತ್ತೆ ಇಲ್ಲಾ ನೇರಳೆ ಹೊಡೆಯುತ್ತೆ. ಊರಲ್ಲಿ ಫ್ಲೆಕ್ಸ್ ಮಾಡೋರ ಹತ್ರ ಒಂದು ಟ್ರಯಲ್ ತೆಗೆಸಿದ್ದೆ, ಬಿಸ್ಮಾರ್ಕಿನ ಜೋಡಿ ಹಡಗು ಟಿರ್ಪಿಟ್ಸ್ ಪಾಚಿ ಕಟ್ಟಿದಂಗೆ ಬಂತು. ಇವರು ತಮ್ಮ ಹತ್ರ ಪ್ರಿಂಟ್ ಮಾಡಲ್ಲ, ಬೆಂಗಳೂರಲ್ಲಿ ಬೂದು ಇಂಕ್ ಬೇರೆಯಾಗಿ ಇರೋ ಫೋಟೋ ಪ್ರಿಂಟರ್ ಇರೋರಿಗೆ ಕಳಿಸ್ತಾರೆ, ಪಿಗ್ಮೆಂಟ್ ಇಂಕು, ಹತ್ತಿ ಕಾಗದ. ಬಿಸಿಲಿಗೆ ಡೈ ಇಂಕಿನಷ್ಟು ಬೇಗ ಮಾಸಲ್ಲ. ಬಂದಿದ್ದು ನೋಡಿದ್ರೆ ಬೂದು ಬೂದಾಗೇ ಇತ್ತು, ಒಂದ್ರಲ್ಲಿ ಮಾತ್ರ ಕಡು ಭಾಗ ಎಲ್ಲ ಒಂದೇ ಕಪ್ಪಾಗಿ ಕಚ್ಕೊಂಡಿತ್ತು, ವಿವರ ಕಾಣ್ತಿರ್ಲಿಲ್ಲ, ಅದಕ್ಕೇ ಒಂದು ಮಾರ್ಕ್ ಕಟ್. ಹೇಳಿದ ಮೇಲೆ ಗೊಣಗದೇ ಇನ್ನೊಂದು ತರಿಸಿಕೊಟ್ರು, ಆದ್ರೆ ಕಾಯ್ಬೇಕಾಯ್ತು, ಬೇರೆ ಆರ್ಡರ್ ಜೊತೆ ಸೇರಿಸಿ ಕಳಿಸೋದು ಅವರ ಪದ್ಧತಿ.

ಸೈಜ್ ವಿಷ್ಯದಲ್ಲಿ ಅವರ ಮಾತು ಪೂರ್ತಿ ನಂಬ್ಬೇಡಿ. "ಎಷ್ಟು ದೊಡ್ಡದು ಬೇಕಾದ್ರೂ ಮಾಡ್ಬಹುದು ಸಾರ್" ಅಂತಾರೆ. 24 ಇಂಚು 36 ಇಂಚಿನ ಕ್ಯಾನ್ವಾಸಿಗೆ ಕಮ್ಮಿ ಅಂದ್ರೂ 150 ಡಿಪಿಐ (ಇಂಚಿಗೆ 150 ಚುಕ್ಕಿ) ಬೇಕು, ಅಂದ್ರೆ ಫೈಲು 3,600 ಗುಣಿಸು 5,400 ಪಿಕ್ಸೆಲ್ ಇರಬೇಕು. ಫೋಲ್ಡರಲ್ಲಿರೋ ಹೆಚ್ಚಿನವು ಅದರ ಕಾಲು ಭಾಗಾನೂ ಇಲ್ಲ. ದೇವರ ಫೋಟೋದಲ್ಲಿ ಮುಖ ಚೆನ್ನಾಗಿ ಬಂದ್ರೆ ಸಾಕು, ಹಡಗಲ್ಲಿ ಹಗ್ಗ, ಕಂಬ, ಆಂಟೆನಾ, ರೇಲಿಂಗು ಇವೇ ಜೀವ, ಅವು ಕಲಸಿ ಹೋದ್ರೆ ಏನುಳೀತು? ಮೌಸಲ್ಲಿ ರೈಟ್ ಕ್ಲಿಕ್ ಮಾಡ್ಸಿ ಸೈಜ್ ನೋಡಿ, ಆಮೇಲೆ ದುಡ್ಡು ಕೊಡಿ.

ಫ್ರೇಮಿನ ಬಗ್ಗೆ ಎಷ್ಟು ಬರೆದ್ರೂ ಕಮ್ಮಿ. ಮಲೆನಾಡಲ್ಲಿ ಗೋಡೆಗೆ ಕಾಗದ ನೇತು ಹಾಕೋದು ಅಂದ್ರೇನು ಅಂತ ಇಲ್ಲಿರೋರಿಗೆ ಗೊತ್ತು, ಜೂನಲ್ಲಿ ಶುರುವಾದ್ರೆ ಸೆಪ್ಟೆಂಬರ್ ತನಕ ಬಟ್ಟೆ ಒಣಗಲ್ಲ, ಚಪ್ಪಲಿಗೆ ಬೂಷ್ಟು, ಪುಸ್ತಕಕ್ಕೆ ಬೂಷ್ಟು, ಫ್ರೇಮ್ ಹಿಂದಿನ ಎಂಡಿಎಫ್ ಬೋರ್ಡು ಊದ್ಕೊಂಡು ಮೊಳೆ ಕಿತ್ಕೊಂಡು ಬರುತ್ತೆ. ಬೇರೆ ಊರಲ್ಲಿ ಕಟ್ಟಿಸಿ ತಂದಿದ್ದೆಲ್ಲ ಎರಡನೇ ಮಳೆಗಾಲಕ್ಕೆ ಕಂದು ಚುಕ್ಕಿ. ಇವರು ಹಿಂದೆ ಎಂಡಿಎಫ್ ಹಾಕಲ್ಲ, ಸನ್‌ಬೋರ್ಡ್ ಹಾಕ್ತಾರೆ, ನೀರು ಹೀರಲ್ಲ. ಗಾಜಿಗೂ ಚಿತ್ರಕ್ಕೂ ಮಧ್ಯ ಆಸಿಡ್ ಇಲ್ದಿರೋ ಮೌಂಟ್ ಬೋರ್ಡ್, ಹಾಗಾಗಿ ಗಾಜಿನೊಳಗೆ ಬೆವರು ಕೂತ್ರೂ ಇಂಕಿಗೆ ಅಂಟಲ್ಲ. ಹಿಂದಿನ ಅಂಚಿಗೆ ಪೂರ್ತಿ ಟೇಪ್, ಪುಸ್ತಕ ತಿನ್ನೋ ಆ ಬೆಳ್ಳಿ ಬಣ್ಣದ ಹುಳ ಒಳಗೆ ಹೋಗ್ದಂಗೆ. ನಾಲ್ಕು ಮೂಲೆಗೂ ಸಣ್ಣ ರಬ್ಬರ್ ಬುಗುಟು, ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡ್ಲಿ ಅಂತ. ತೋಟದಲ್ಲಿ ಕಡಿದ ಸಿಲ್ವರ್ ಓಕ್ ಇದೆ, ಅದ್ರಲ್ಲೇ ಬೀಡಿಂಗ್ ಮಾಡ್ಕೊಡಿ ಅಂತ ನಮ್ಮಣ್ಣ ಕೇಳಿದ್ದಕ್ಕೆ "ಸರಿಯಾಗಿ ಒಣಗದೇ ಇರೋ ಮರ ತಂದು ಕೊಟ್ರೆ ಮೂಲೆ ತಿರುಚ್ಕೊಳ್ಳುತ್ತೆ, ಆಮೇಲೆ ನನ್ನ ಬೈತೀರ, ಬೇಡ ಅಣ್ಣ" ಅಂತ ಮುಖಕ್ಕೇ ಹೇಳಿದ್ರು. ಇಂಥ ಮಾತು ಹೇಳೋ ಅಂಗಡಿ ಬಿಡಬಾರದು. ಕೊನೆಗೆ ಹಳೇ ತೇಗದ ಕಿಟಕಿ ಚೌಕಟ್ಟು ಸೀಳಿಸಿ ಮಾಡಿಸಿದ್ವಿ. ಈ ಸಲದ ಮಳೆಗಾಲ ಪೂರ್ತಿ ಪಶ್ಚಿಮದ ಗೋಡೆ ಮೇಲಿತ್ತು, ಅದೇ ಗೋಡೆ ಬಣ್ಣ ಎದ್ದು ಬಂದಿದೆ, ಚಿತ್ರಕ್ಕೆ ಏನೂ ಆಗಿಲ್ಲ. ಕ್ಯಾನ್ವಾಸ್ ಮಾತ್ರ ನಮ್ಮ ಕಡೆಗೆ ಬೇಡ, ಥಂಡಿಗೆ ಸಡಿಲ ಬಿದ್ದು ಹೊಟ್ಟೆ ಬಿಡುತ್ತೆ, ಸಮುದ್ರದ ಮಧ್ಯೆ ಇಲ್ಲದಿರೋ ಅಲೆ ಬರುತ್ತೆ.

ಸಬ್‌ಮರೀನ್ ಚಿತ್ರಗಳಿಗೆ ಬೇರೆ ಕಣ್ಣು ಬೇಕು. ಹೋಮ್‌ಸ್ಟೇಗಳಿಗೆ ತುಂಬಾ ಹೋಗೋದು ನೀಲಿ ನೀರೊಳಗೆ ಸೂರ್ಯನ ಕಿರಣ ಬೀಳ್ತಾ ಪೂರ್ತಿ ಸಬ್‌ಮರೀನ್ ಮೂತಿಯಿಂದ ಬಾಲದವರೆಗೆ ಕಾಣೋ ಚಿತ್ರ. ಉತ್ತರ ಅಟ್ಲಾಂಟಿಕ್ಕಲ್ಲಿ ನೀರೊಳಗೆ ಅಷ್ಟು ದೂರ ಏನೂ ಕಾಣಲ್ಲ. ಮತ್ತೆ ಯು-ಬೋಟು, ಅಂದ್ರೆ ಜರ್ಮನ್ ಸಬ್‌ಮರೀನು, ಬಹುಪಾಲು ಸಮಯ ನೀರ ಮೇಲೇ ಓಡೋದು, ಡೀಸೆಲಲ್ಲಿ, ಒಳಗೆ ಹೋದ್ರೆ ಬ್ಯಾಟರಿ. ಅತಿ ಹೆಚ್ಚು ಕಟ್ಟಿದ ಟೈಪ್ 7ಸಿ ನೀರ ಮೇಲೆ 17 ನಾಟ್ (ಹಡಗಿನ ವೇಗದ ಅಳತೆ) ಚಿಲ್ಲರೆ ಹೋಗುತ್ತೆ, ಮುಳುಗಿದ್ರೆ ಏಳೂವರೆ, ಅದೂ ಸ್ವಲ್ಪ ಹೊತ್ತು. ಉದ್ದ 67 ಮೀಟರ್, ಒಳಗಿನ ಉಕ್ಕಿನ ಕೊಳವೆ ಅಗಲ ಐದು ಮೀಟರೂ ಇಲ್ಲ, ಅದ್ರೊಳಗೆ ಐವತ್ತು ಜನದ ಹತ್ರ. ಜರ್ಮನಿಯ ಲಾಬೋ ಊರಿನ ಕಡಲತೀರದಲ್ಲಿ ಯು-995 ಅನ್ನ 1972ರಿಂದ ಮ್ಯೂಸಿಯಂ ಮಾಡಿಟ್ಟಿದಾರೆ, ಅದರ ಫೋಟೋ ನೋಡಿದ್ರೆ ಎಷ್ಟು ಸಪೂರ ಅಂತ ಗೊತ್ತಾಗುತ್ತೆ. ಪೇಂಟಿಂಗುಗಳಲ್ಲಿ ಮಾತ್ರ ಅದನ್ನ ಡಬಲ್ ಸೈಜ್ ಮಾಡಿ, ನೀರಿಂದ ಮೇಲಕ್ಕೆ ಎತ್ತಿ ಇಟ್ಟಿರ್ತಾರೆ. ನಿಜವಾದ ಯು-ಬೋಟು ಕೆರೇಲಿ ಮಲಗಿದ ಎಮ್ಮೆ ತರ, ಬೆನ್ನು ಮೇಲೆ ಯಾವಾಗ್ಲೂ ನೀರು, ಟವರ್ ಒಂದೇ ಎದ್ದು ಕಾಣೋದು, ಅದ್ರಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಜನ ದುರ್ಬೀನು ಹಿಡ್ಕೊಂಡು. ನಮ್ಮ ಭಾವ ನೇವೀಲಿ ಇದ್ದೋರು, ಒಂದು ಚಿತ್ರ ತೋರಿಸಿದ್ದಕ್ಕೆ "ಬೋಟು ನಿಂತಿದ್ಯೋ ಓಡ್ತಿದ್ಯೋ ಮೊದ್ಲು ತೀರ್ಮಾನ ಮಾಡಕ್ಕೆ ಹೇಳು ಅವ್ನಿಗೆ, ಮುಂದೆ ಇಷ್ಟು ನೊರೆ, ಹಿಂದೆ ನೀರು ಕನ್ನಡಿ" ಅಂದ್ರು. ಅದಾದ್ಮೇಲೆ ನಾನು ಮೊದಲು ನೋಡೋದೇ ಹಿಂದಿನ ನೀರು.

ಇಲ್ಲೂ ತಾರೀಕಿನ ಲೆಕ್ಕ ಬರುತ್ತೆ. ಯು-47, ಕ್ಯಾಪ್ಟನ್ ಪ್ರೀನ್, 1939ರ ಅಕ್ಟೋಬರ್ 14ರ ನಡುರಾತ್ರಿ ದಾಟಿದ ಮೇಲೆ ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋ ಬಂದರಿಗೇ ನುಗ್ಗಿ ಬ್ರಿಟಿಷ್ ಯುದ್ಧನೌಕೆ ರಾಯಲ್ ಓಕ್ ಮುಳುಗಿಸಿದ್ದು, 835 ಜನ ಸತ್ರು. ಅದರ ಟವರ್ ಮೇಲೆ ಮೂಗಿಂದ ಬುಸುಗುಟ್ಟೋ ಗೂಳಿ ಚಿತ್ರ ಫೇಮಸ್ಸು. ಆದ್ರೆ ಗೂಳಿ ಬರೆದಿದ್ದು ವಾಪಸ್ ಬರೋ ದಾರೀಲಿ. ಬಂದರಿನೊಳಗೆ ಹೋಗ್ತಿರೋವಾಗ್ಲೇ ಗೂಳಿ ಇದ್ರೆ ಸುಳ್ಳು. ದೊಡ್ಡ ಹುಣ್ಣಿಮೆ ಚಂದ್ರ ಇದ್ರೂ ಸುಳ್ಳು, ಆವತ್ತು ಅಮಾವಾಸ್ಯೆ ಆಸುಪಾಸು, ಬೆಳಕಿದ್ದಿದ್ದು ಉತ್ತರ ಧ್ರುವದ ಹಸಿರು ಜ್ಯೋತಿದು, ಪ್ರೀನ್ ಅದನ್ನ ಲಾಗಲ್ಲಿ ಬರೆದಿದಾನೆ. ಎಷ್ಟು ಒಳ್ಳೇ ಚಿತ್ರ ಆಗ್ಬಹುದಿತ್ತು ನೋಡಿ, ಕಪ್ಪು ನೀರು, ಮೇಲೆ ಹಸಿರು ಪರದೆ. ಅಂಗಡೀಲಿದ್ದಿದ್ದು ಚಂದ್ರ, ಗೂಳಿ ಎರಡೂ ಇರೋದು.

ಕಪ್ಪು ಬೆಕ್ಕಿನ ವಿಷ್ಯ ಹೇಳ್ಲೇಬೇಕು. ಒಂದು ಯು-ಬೋಟ್ ಟವರಿನ ಕ್ಲೋಸಪ್ ಚಿತ್ರ ಇದೆ, ಬೆನ್ನು ಬಿಲ್ಲಾಗಿಸಿದ ಕರಿಬೆಕ್ಕು ಬರೆದಿರೋದು, ಮಕ್ಕಳ ರೂಮಿಗೆ ತುಂಬಾ ಹೋಗುತ್ತೆ ಅಂದ್ರು. ಅದು ಯು-48ರ ಗುರುತು, ಎರಡನೇ ಮಹಾಯುದ್ಧದಲ್ಲಿ ಅತಿ ಹೆಚ್ಚು ಹಡಗು ಮುಳುಗಿಸಿದ ಜರ್ಮನ್ ಸಬ್‌ಮರೀನ್. 1940ರ ಸೆಪ್ಟೆಂಬರ್ 17ರ ರಾತ್ರಿ ಅದು ಮುಳುಗಿಸಿದ್ದು ಸಿಟಿ ಆಫ್ ಬೆನಾರಸ್ ಅನ್ನೋ ಪ್ರಯಾಣಿಕರ ಹಡಗನ್ನ, ಬಾಂಬ್ ದಾಳಿಯಿಂದ ಪಾರು ಮಾಡಕ್ಕೆ ಇಂಗ್ಲೆಂಡಿಂದ ಕೆನಡಾಕ್ಕೆ ಕಳಿಸ್ತಿದ್ದ 90 ಮಕ್ಕಳಿದ್ರು ಅದ್ರಲ್ಲಿ, 77 ಮಕ್ಕಳು ಹೋದ್ರು. ಹಡಗಿನ ಕೆಲಸದೋರಲ್ಲಿ ಬಹಳಷ್ಟು ಜನ ನಮ್ಮ ದೇಶದೋರು, ಲಸ್ಕರ್ ಅಂತಿದ್ರಲ್ಲ ಅವರು. ಆ ಯುದ್ಧದಲ್ಲಿ ಬ್ರಿಟಿಷ್ ಸರಕು ಹಡಗುಗಳಲ್ಲಿ ಸತ್ತ ಲಸ್ಕರರು ಆರು ಸಾವಿರದ ಮೇಲೆ. ಇಂಜಿನ್ ರೂಮಲ್ಲಿ ಕಲ್ಲಿದ್ದಲು ಸುರೀತಿದ್ದೋರು, ಟಾರ್ಪೆಡೋ ಬಡಿಯೋದೂ ಅಲ್ಲಿಗೇ. ನಾನು ಅಂಗಡಿಯಣ್ಣನಿಗೆ ಇಷ್ಟು ಹೇಳ್ದೆ. ಅವರು ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿ, "ಮಕ್ಕಳ ರೂಮಿಗೆ ಅಂದ್ರೆ ಇನ್ಮೇಲೆ ಡೋರೆಮಾನ್ ತೋರಿಸ್ತೀನಿ ಬಿಡಿ ಸಾರ್" ಅಂದ್ರು. ಹಡಗು ಚಿತ್ರ ಹಾಕ್ಲೇಬಾರ್ದು ಅಂತ ನನ್ನ ವಾದ ಅಲ್ಲ, ನಂದೇ ಗೋಡೆ ತುಂಬಿದೆ. ಯು-ಬೋಟಲ್ಲಿ ಹೋದ ಸುಮಾರು ನಲವತ್ತು ಸಾವಿರ ಜನರಲ್ಲಿ ಮೂವತ್ತು ಸಾವಿರದ ಹತ್ರ ವಾಪಸ್ ಬರ್ಲಿಲ್ಲ, ಅವರ ಕಡೆಗೂ ಕಥೆ ಇದೆ. ಆದ್ರೆ ಟವರಿನ ಮೇಲಿನ ಗೂಳಿ, ಬೆಕ್ಕು, ನಗೋ ಮೀನು ಇವನ್ನೇ ದೊಡ್ಡದು ಮಾಡಿ ಬರೆದ ಚಿತ್ರಗಳು ನಂಗೆ ಬೇಡ, ಅದ್ರಲ್ಲಿ ಸಮುದ್ರಾನೂ ಇಲ್ಲ, ಎದುರಿಗಿದ್ದೋರೂ ಇಲ್ಲ.

ಧ್ವಜದ ವಿಷ್ಯಾನೂ ಇದೇ ತರ. ಎರಡನೇ ಯುದ್ಧದ ಹಡಗು ಅಂದ್ಮೇಲೆ ಹಿಂದಿನ ಕಂಬದಲ್ಲಿ ನಾಜಿ ಬಾವುಟ ಇದ್ದೇ ಇರುತ್ತೆ, ಸಣ್ಣದಾಗಿ ಇರೋದು ಇತಿಹಾಸ, ಚಿತ್ರದ ಮಧ್ಯದಲ್ಲಿ ಪಟಪಟ ಹಾರಿಸಿದ್ರೆ ಅದು ಬೇರೆ ಏನೋ. ಅಂಗಡಿ ಹುಡುಗ ಒಬ್ಬ ಸ್ವಸ್ತಿಕ್ ನೋಡಿ ಶುಭ ಅಂದ್ಕೊಂಡಿದ್ದ. ಹೋಮ್‌ಸ್ಟೇ ಇಟ್ಕೊಂಡಿರೋರು ಯೋಚನೆ ಮಾಡಿ, ನಾಳೆ ಜರ್ಮನಿಯೋರೇ ಕಾಫಿ ತೋಟ ನೋಡಕ್ಕೆ ಬಂದಾಗ ಅವರಿಗೆ ತಿಂಡಿ ಕೊಡೋ ಜಾಗದಲ್ಲಿ ಅದು ಬೇಕಾ?

ಒಳ್ಳೇ ಚಿತ್ರ ಬೇಕು, ಕಾನೂನಾಗಿ ಪ್ರಿಂಟ್ ಮಾಡಿಸ್ಬೇಕು ಅನ್ನೋರಿಗೆ ಒಂದು ದಾರಿ. ಈಗಿರೋ ಕಲಾವಿದರದ್ದು ನೆಟ್ಟಿಂದ ಎತ್ತಿ ಹೊಡೆಸೋದು ಕಳ್ಳತನ, ಈ ಅಂಗಡಿಯ ಫೋಲ್ಡರ್ ಕೂಡ ಅದ್ರಲ್ಲಿ ಶುದ್ಧ ಅಲ್ಲ. ಆದ್ರೆ ನಮ್ಮ ದೇಶದಲ್ಲಿ ಕಲಾವಿದ ಸತ್ತು 60 ವರ್ಷ ಆದ್ಮೇಲೆ ಕಾಪಿರೈಟ್ ಮುಗಿಯುತ್ತೆ. ವಿಲ್ಲಿ ಸ್ಟೋವರ್ 1931ರಲ್ಲಿ ಹೋದೋರು, ಟೈಟಾನಿಕ್ ಮುಳುಗೋ ಚಿತ್ರ ಬರೆದೋರು ಇವರೇ, ಅದ್ರಲ್ಲಿ ನಾಲ್ಕನೇ ಚಿಮಣೀಲೂ ಹೊಗೆ ಬರ್ತಿರುತ್ತೆ, ನಿಜವಾಗಿ ಅದು ಗಾಳಿ ಹೋಗಕ್ಕೆ ಇಟ್ಟಿದ್ದ ಚಿಮಣಿ. ಮೊದಲನೇ ಯುದ್ಧದ ಯು-ಬೋಟ್ ಚಿತ್ರಗಳನ್ನೂ ಬರೆದಿದಾರೆ, ಪ್ರಚಾರದ ವಾಸನೆ ಜಾಸ್ತಿ. ನನ್ನ ಆಯ್ಕೆ ಕ್ಲಾಸ್ ಬರ್ಗೆನ್. ಕೈಸರ್ ಕಾಲದ ಮರೈನ್ ಪೇಂಟರ್, 1917ರಲ್ಲಿ ಯು-53 ಜೊತೆ ತಾನೇ ಸಮುದ್ರಕ್ಕೆ ಹೋಗಿ ಬಂದೋರು, ಟವರ್ ಮೇಲೆ ನಿಂತು ಒದ್ದೆ ಆಗಿ ನೋಡಿದೋನ ನೀರು ಅದು, ನೋಡಿದ ತಕ್ಷಣ ಗೊತ್ತಾಗುತ್ತೆ. ಅಲೆ ದೊಡ್ಡದು, ಬೋಟು ಸಣ್ಣದು, ಮನುಷ್ಯ ಇನ್ನೂ ಸಣ್ಣ. ಆಮೇಲೆ ನಾಜಿಗಳ ಕಾಲದಲ್ಲೂ ಬರೆದ್ರು, ಅದನ್ನ ಮರೆಯಕ್ಕಾಗಲ್ಲ, ನಂಗೆ ಬೇಕಿದ್ದು 1917ರ ನೀರು. ಸತ್ತಿದ್ದು 1964, ಅಂದ್ರೆ 2024ರ ಕೊನೆಗೆ ಇಲ್ಲಿ ಕಾಪಿರೈಟ್ ಮುಗೀತು. ಜರ್ಮನೀಲಿ 70 ವರ್ಷ, ಅಲ್ಲಿ ಇನ್ನೂ ಇದೆ. ದೊಡ್ಡ ಸೈಜಿನ ಒಳ್ಳೇ ಸ್ಕ್ಯಾನ್ ಪೆನ್‌ಡ್ರೈವಲ್ಲಿ ತಗೊಂಡು ಹೋಗಿ ಕೊಟ್ಟೆ, ಅದೇ ಈಗ ಹಾಲಿನ ಮುಖ್ಯ ಗೋಡೇಲಿರೋದು.

ಹೊರದೇಶದಿಂದ ತರಿಸೋ ಲಿಮಿಟೆಡ್ ಎಡಿಷನ್ ಪ್ರಿಂಟ್ ಬಗ್ಗೆ ಕೇಳ್ತೀರ ಅಂತ ಗೊತ್ತು. ಕೆಲವಕ್ಕೆ ಕಲಾವಿದನ ಜೊತೆ ಆ ಕಾಲದ ಯು-ಬೋಟ್ ಕ್ಯಾಪ್ಟನ್ನುಗಳ ಪೆನ್ಸಿಲ್ ಸಹಿ ಇರುತ್ತೆ, ಕ್ರೆಟ್ಶ್ಮರ್ 1998ರಲ್ಲಿ ಹೋದ, ನ್ಯೂಯಾರ್ಕ್ ಬಾಗಿಲಿಗೇ ಹೋಗಿ ಹಡಗು ಮುಳುಗಿಸಿದ್ದ ಹಾರ್ಡೆಗನ್ 2018ರಲ್ಲಿ 105 ವರ್ಷಕ್ಕೆ, ಹಾಗಾಗಿ ರೇಟು ಏರ್ತಾನೇ ಇದೆ. ಪೌಂಡಲ್ಲಿ ರೇಟು, ಮೇಲೆ ಕಸ್ಟಮ್ಸು. ಸಹಿಗೆ ಕೊಡೋ ದುಡ್ಡಲ್ಲಿ ನಮ್ಮ ಹಾಲಿನ ಎಲ್ಲ ಫ್ರೇಮೂ ಆಗೋಗಿದೆ.

ಎಮ್ಡೆನ್ ವಿಷ್ಯಕ್ಕೆ ಬಂದೆ ಕೊನೆಗೂ. 1914ರ ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿನ ಮೇಲೆ ನೂರಕ್ಕೂ ಹೆಚ್ಚು ಗುಂಡು ಹಾರಿಸಿ ಬರ್ಮಾ ಆಯಿಲ್ ಕಂಪನಿ ಟ್ಯಾಂಕುಗಳಿಗೆ ಬೆಂಕಿ ಹಚ್ಚಿ ಹೋಗಿದ್ದ ಕ್ರೂಸರ್, ಕ್ಯಾಪ್ಟನ್ ಕಾರ್ಲ್ ಫಾನ್ ಮ್ಯುಲರ್. ಅದರ ನೆನಪಿನ ಕಲ್ಲು ಈಗ್ಲೂ ಚೆನ್ನೈ ಹೈಕೋರ್ಟ್ ಗೋಡೇಲಿದೆ. ಅಂಗಡೀಲಿ ಎರಡು ಎಮ್ಡೆನ್. ಒಂದ್ರಲ್ಲಿ ಬಿಳೀ ಹಡಗು, ಹಗಲು ಹೊತ್ತು, ದಡದಲ್ಲಿ ಹೊಗೆ. ಬಿಳಿ ಬಣ್ಣ ಶಾಂತಿಕಾಲದ್ದು, ಚೀನಾದ ಚಿಂಗ್‌ದಾವ್ ಬಂದರಲ್ಲಿದ್ದಾಗ 'ಪೂರ್ವದ ಹಂಸ' ಅಂತಿದ್ರು ಅದಕ್ಕೇ, ಯುದ್ಧಕ್ಕೆ ಹೊರಟಾಗ ಬೂದು ಆಗಿತ್ತು, ಮದ್ರಾಸ್ ದಾಳಿ ಆಗಿದ್ದು ರಾತ್ರಿ. ಎರಡೂ ತಪ್ಪು. ಇನ್ನೊಂದು ಹಳೇ ಜರ್ಮನ್ ಪೋಸ್ಟ್‌ಕಾರ್ಡಿಂದ ಸ್ಕ್ಯಾನ್ ಮಾಡಿದ್ದು, ನಾಲ್ಕು ಚಿಮಣಿ. ಎಮ್ಡೆನ್ನಿಗೆ ಇರೋದು ಮೂರು, ನಾಲ್ಕನೇದು ಬ್ರಿಟಿಷ್ ಹಡಗು ತರ ಕಾಣ್ಲಿ ಅಂತ ಕ್ಯಾನ್ವಾಸಲ್ಲಿ ಕಟ್ಟಿದ್ದು, ಆ ವೇಷದಲ್ಲೇ ಅಕ್ಟೋಬರ್ 28ರ ಬೆಳಗಿನ ಜಾವ ಪೆನಾಂಗ್ ಬಂದರಿಗೆ ನುಗ್ಗಿ ರಷ್ಯಾದ ಜೆಮ್‌ಚುಗ್ ಹಡಗನ್ನ ಮುಳುಗಿಸಿದ್ದು. ಚಿತ್ರದಲ್ಲಿ ಮಂಕು ಬೆಳಕು, ನಾಲ್ಕು ಚಿಮಣಿ, ಬಂದರಿನ ಗುಡ್ಡ. ತಾರೀಕು ಸಮೇತ ಹೇಳ್ತಿದೆ! ಹತ್ತು ನಿಮಿಷ ಖುಷೀಲಿ ಮಾತೇ ಬರ್ಲಿಲ್ಲ. ಪೋಸ್ಟ್‌ಕಾರ್ಡ್ ಸ್ಕ್ಯಾನಾದ್ರಿಂದ ದೊಡ್ಡದು ಮಾಡಿದ್ರೆ ಅಚ್ಚಿನ ಚುಕ್ಕಿ ಎದ್ದು ಬರುತ್ತೆ, ಅದಕ್ಕೆ ಎ4 ಸೈಜಲ್ಲೇ ಇಟ್ಟು ಸುತ್ತ ಮೂರಿಂಚು ಕೆನೆ ಬಣ್ಣದ ಮೌಂಟ್ ಬಿಡಿಸಿದ್ವಿ, ಈ ಐಡಿಯಾ ಅಂಗಡಿಯಣ್ಣಂದೇ. ನವೆಂಬರ್ 9ಕ್ಕೆ ಕೋಕೋಸ್ ದ್ವೀಪದ ಹತ್ರ ಆಸ್ಟ್ರೇಲಿಯಾದ ಸಿಡ್ನಿ ಅದನ್ನ ಮುಗಿಸ್ತು.

ಇನ್ನೊಂದು ಗ್ರಾಫ್ ಸ್ಪೇ. ಅದನ್ನ ಅದರೋರೇ ಸ್ಫೋಟಿಸಿ ಮುಳುಗಿಸಿದ್ದು 1939ರ ಡಿಸೆಂಬರ್ 17ರ ಸಂಜೆ, ಉರುಗ್ವೆಯ ಮಾಂಟೆವಿಡಿಯೋ ಎದುರಿಗೆ, ಮೂರು ದಿನಕ್ಕೆ ಕ್ಯಾಪ್ಟನ್ ಲಾಂಗ್ಸ್‌ಡಾರ್ಫ್ ಗುಂಡು ಹೊಡ್ಕೊಂಡ. ಆದ್ರೆ ನಾನು ತಗೊಂಡಿದ್ದು ಡಿಸೆಂಬರ್ 13ರ ಕಾಳಗದ್ದು, ಕಾರಣ ಅದ್ರಲ್ಲಿ ದೂರದಲ್ಲಿ ಎದುರಾಳಿ ಕ್ರೂಸರ್ ಅಕಿಲೀಸ್ ಕಾಣುತ್ತೆ. ಆ ಅಕಿಲೀಸನ್ನೇ 1948ರಲ್ಲಿ ನಾವು ಕೊಂಡ್ಕೊಂಡು ಐಎನ್‌ಎಸ್ ಡೆಲ್ಲಿ ಮಾಡಿದ್ದು, 1961ರ ಗೋವಾ ಕಾರ್ಯಾಚರಣೇಲೂ ಇತ್ತು, 1978ರಲ್ಲಿ ಗುಜರಿಗೆ ಹೋಯ್ತು. ಭಾವನಿಗೆ ತೋರಿಸಿದ್ರೆ ಜರ್ಮನ್ ಹಡಗಿನ ಕಡೆ ನೋಡ್ಲೇ ಇಲ್ಲ, ಆ ಸಣ್ಣ ಬೂದು ಚುಕ್ಕಿ ಹತ್ರಾನೇ ಕನ್ನಡಕ ತಂದು ನಿಂತ್ರು.

ತೋಟದ ಮನೇಗೂ ಇದಕ್ಕೂ ಏನ್ ಸಂಬಂಧ ಅಂತ ಗೆಸ್ಟುಗಳು ಕೇಳಿದ್ರೆ ಅಣ್ಣ ಈಗ ಒಂದು ಉತ್ತರ ರೆಡಿ ಇಟ್ಕೊಂಡಿದಾನೆ: ಯುದ್ಧ ಶುರುವಾಗಿ ಯುರೋಪಿನ ಮಾರ್ಕೆಟ್ ಮುಚ್ಚಿ ಕಾಫಿ ಹೊರಗೆ ಹೋಗದೇ ಕೂತಿದ್ರಿಂದಲೇ 1942ರ ಕಾಯ್ದೆ, ಕಾಫಿ ಬೋರ್ಡು, ಬೆಳೆದಿದ್ದೆಲ್ಲ ಬೋರ್ಡಿನ ಒಟ್ಟು ದಾಸ್ತಾನಿಗೆ, ಅಂದ್ರೆ ಪೂಲಿಗೆ, ಸುರಿಯೋ ಪದ್ಧತಿ ಬಂದಿದ್ದು, ಅದು 1990ರ ದಶಕದ ತನಕ ನಡೀತು. ನಮ್ಮ ಅಜ್ಜನ ಪೂಲ್ ರಸೀದಿ ಒಂದಿದೆ, ಅದನ್ನೂ ಅದೇ ಅಂಗಡೀಲೇ ಫ್ರೇಮ್ ಹಾಕ್ಸಕ್ಕೆ ಕೊಟ್ಟಿದೀವಿ, ಹಡಗುಗಳ ಪಕ್ಕಕ್ಕೆ.

ರೇಟು: ಎ4 ಹತ್ತಿ ಕಾಗದ ಪ್ರಿಂಟ್, ಮೌಂಟ್, ಗಾಜು, ಫೈಬರ್ ಬೀಡಿಂಗ್ ಸೇರಿ ಸಾವಿರದ ಇನ್ನೂರು ಆಸುಪಾಸು. ದೊಡ್ಡ ಬರ್ಗೆನ್ ಮರ ನಮ್ಮದೇ ಆದ್ರೂ ನಾಲ್ಕೂವರೆ ಸಾವಿರ ಬಿತ್ತು, ರಿಫ್ಲೆಕ್ಷನ್ ಇಲ್ದಿರೋ ಗಾಜಿಗೇ ಅದ್ರಲ್ಲಿ ಅರ್ಧ. ಚೌಕಾಸಿ ನಡೆಯಲ್ಲ. ಟೈಮ್ ಹೇಳಿದ್ದಕ್ಕಿಂತ ಯಾವಾಗ್ಲೂ ಲೇಟು, ಮದ್ವೆ ಸೀಸನ್ನಲ್ಲಂತೂ ಹೋಗ್ಲೇಬೇಡಿ. ಫೈಲ್ ನೀವೇ ತಗೊಂಡು ಹೋಗಿ, ಪ್ರಿಂಟಿಗೆ ಕಳಿಸೋ ಮುಂಚೆ ಎಡ ಬಲ ತಿರುಗಿಸಿಲ್ಲ ತಾನೇ ಅಂತ ಕೇಳಿ, ಗೋಡೆಗೆ ಸರಿ ಕಾಣ್ಲಿ ಅಂತ ಹಡಗನ್ನ ಕನ್ನಡಿ ಮಾಡಿಬಿಡೋ ಅಭ್ಯಾಸ ಇದೆ ಅವರಿಗೆ. ಗಾಡಿ ಎದುರಿಗೆ ನಿಲ್ಸಕ್ಕೆ ಜಾಗ ಇಲ್ಲ, ಮೇನ್ ರೋಡಲ್ಲೇ ಬಿಟ್ಟು ನಡ್ಕೊಂಡು ಹೋಗಿ, ಬರೋವಾಗ ದೊಡ್ಡ ಫ್ರೇಮ್ ಇದ್ರೆ ಅವರ ಹುಡುಗನೇ ತಂದು ಕಾರಲ್ಲಿ ಇಟ್ಟು ಕೊಡ್ತಾನೆ.